ಲಂಗ್ ಫೈಬ್ರೋಸಿಸ್: ರಕ್ತದ ರಿಪೋರ್ಟ್ ನೋಡಿ ಮುಂದಿನದು ಗೊತ್ತಾಗುತ್ತಾ?

“ಅಪ್ಪನ ಕೆಎಲ್-6 1,200 ಬಂದಿದೆ, ಇದು ತುಂಬಾ ಕೆಟ್ಟದ್ದಾ?” ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ಕೆಎಲ್-6 ಅಂದರೆ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಕೆಲವರು ಅದರ ಜಾಗದಲ್ಲಿ ಸಿಎ-125 ಅನ್ನುವ ಇನ್ನೊಂದು ರಕ್ತದ ಪರೀಕ್ಷೆಯ ಹೆಸರು ಬರೆದಿರುತ್ತಾರೆ. ಕೆಲವರು ಇಡೀ ರಿಪೋರ್ಟಿನ ಫೋಟೋ ಕಳಿಸುತ್ತಾರೆ. ಆದರೆ ಆರು ತಿಂಗಳ ಹಿಂದಿನ ರಿಪೋರ್ಟ್ ಯಾರೂ ಕಳಿಸುವುದಿಲ್ಲ. ಉಸಿರಿನ ಪರೀಕ್ಷೆಯ ಹಾಳೆಯಂತೂ ಬರುವುದೇ ಇಲ್ಲ. ಅವೆರಡೂ ಪಕ್ಕದಲ್ಲಿ ಇಲ್ಲದೆ 1,200 ಅನ್ನುವ ನಂಬರ್‌ಗೆ ಅರ್ಥ ಹೇಳುವುದು ಕಷ್ಟ. ಹಾಗಾಗಿ ಒಮ್ಮೆ ಕೂತು ಮೊದಲಿಂದ ಬರೆಯೋಣ ಅನ್ನಿಸಿತು.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಶ್ವಾಸಕೋಶ ಸ್ಪಂಜಿನ ಹಾಗೆ ಮೆತ್ತಗಿರಬೇಕು. ಫೈಬ್ರೋಸಿಸ್ ಅಂದರೆ ಅದರೊಳಗೆ ಕಲೆಗಟ್ಟುವುದು. ಚರ್ಮದ ಗಾಯ ಮಾಗಿದ ಮೇಲೆ ಆ ಜಾಗ ಬಿಗಿದುಕೊಂಡು ಗಟ್ಟಿಯಾಗುತ್ತದಲ್ವಾ, ಹಾಗೆ. ಕಲೆಗಟ್ಟಿದ ಭಾಗ ಹಿಗ್ಗುವುದಿಲ್ಲ, ಅಲ್ಲಿಂದ ಆಮ್ಲಜನಕ ರಕ್ತಕ್ಕೆ ಸರಿಯಾಗಿ ದಾಟುವುದೂ ಇಲ್ಲ. ಒಣಕೆಮ್ಮು, ನಡೆದರೆ ಏದುಸಿರು ಶುರುವಾಗುತ್ತದೆ. ಇಂಥ ಕಾಯಿಲೆಗಳ ದೊಡ್ಡ ಗುಂಪಿಗೆ ಐಎಲ್‌ಡಿ ಅನ್ನುತ್ತಾರೆ. ಅದರಲ್ಲಿ ಕಾರಣವೇ ಗೊತ್ತಾಗದೆ ಬರುವ, ಜಾಸ್ತಿ ಹಠಮಾರಿಯಾದ ಒಂದು ಬಗೆ ಐಪಿಎಫ್. ಈ ಲೇಖನದ ಹೆಚ್ಚಿನ ಅಂಕಿಗಳು ಐಪಿಎಫ್‌ಗೆ ಸೇರಿದವು.

ಶುರು ಮಾಡುವ ಮುಂಚೆ ಇಷ್ಟು ಕೈಗೆ ಸಿಗುವಂತೆ ಇಟ್ಟುಕೊಳ್ಳಿ: ಇದುವರೆಗಿನ ಎಲ್ಲ ರಕ್ತದ ರಿಪೋರ್ಟ್‌ಗಳು (ರಕ್ತಕಣಗಳ ಮಾಮೂಲಿ ಎಣಿಕೆಯಾದ ಸಿಬಿಸಿ ಕೂಡ), ಉಸಿರಿನ ಪರೀಕ್ಷೆಯ ಹಾಳೆಗಳು, ಎಚ್‌ಆರ್‌ಸಿಟಿ ಸ್ಕ್ಯಾನಿನ (ಎದೆಯ ಸೂಕ್ಷ್ಮ ಸಿಟಿ) ವರದಿ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ, ಒಂದು ನೋಟ್‌ಬುಕ್.

ಹಂತ 1: ಕಾಯಿಲೆಯ ಪೂರ್ತಿ ಹೆಸರು ಬರೆದುಕೊಳ್ಳಿ

“ಫೈಬ್ರೋಸಿಸ್ ಅಂತೆ” ಅಂದರೆ ಸಾಲದು. ಐಪಿಎಫ್ಫಾ, ಸಂಧಿವಾತದ ಜೊತೆಗೆ ಬಂದದ್ದಾ, ಹಕ್ಕಿ ಹಿಕ್ಕೆ ಅಥವಾ ಬೂಷ್ಟಿನ ಅಲರ್ಜಿಯಿಂದ ಬಂದದ್ದಾ, ಚರ್ಮ ಬಿಗಿದು ಗಟ್ಟಿಯಾಗುವ ಸ್ಕ್ಲೆರೋಡರ್ಮಾದಿಂದಲಾ? ಇದನ್ನು ಡಾಕ್ಟರ ಹತ್ತಿರ ಕೇಳಿ ಬರೆದುಕೊಳ್ಳಿ. ಒಂದೇ ನಂಬರ್‌ಗೆ ಒಂದೊಂದು ಕಾಯಿಲೆಯಲ್ಲಿ ಒಂದೊಂದು ಅರ್ಥ.

ಇಲ್ಲೇ ಜನ ಎಡವುವ ಮೊದಲ ಜಾಗ. ರಕ್ತದ ಪರೀಕ್ಷೆಗಳಲ್ಲಿ ಎರಡು ಜಾತಿ ಇವೆ. ಕಾಯಿಲೆ ಯಾವುದು ಅಂತ ಹುಡುಕಲು ಮಾಡಿಸುವವು ಒಂದು: ಎಎನ್‌ಎ, ಆರ್‌ಎಫ್, ಆಂಟಿ-ಸಿಸಿಪಿ, ಸ್ನಾಯುಗಳ ಉರಿಯೂತದ ಆಂಟಿಬಾಡಿ ಪ್ಯಾನೆಲ್ ಇತ್ಯಾದಿ. ನಮ್ಮದೇ ದೇಹದ ಮೇಲೆ ತಿರುಗಿಬಿದ್ದ ಆಂಟಿಬಾಡಿಗಳು ಇವೆಯಾ ಅಂತ ಅವು ನೋಡುತ್ತವೆ. ಕಾಯಿಲೆ ಹೇಗೆ ಸಾಗಬಹುದು ಅನ್ನುವ ಸುಳಿವು ಕೊಡುವವು ಇನ್ನೊಂದು: ಕೆಎಲ್-6, ಎಸ್‌ಪಿ-ಡಿ, ಎಂಎಂಪಿ-7, ಸಿಸಿಎಲ್-18. ಈ ಎರಡನೆಯ ಜಾತಿಯನ್ನು ಮೊದಲನೆಯ ಕೆಲಸಕ್ಕೆ ಹಚ್ಚಬಾರದು. ಅಮೆರಿಕ, ಯುರೋಪ್, ಜಪಾನ್, ಲ್ಯಾಟಿನ್ ಅಮೆರಿಕದ ಶ್ವಾಸಕೋಶ ತಜ್ಞರ ಸಂಘಗಳು ಸೇರಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ನೇರವಾಗಿಯೇ ಹೇಳಿದೆ: ಐಪಿಎಫ್ಫನ್ನು ಬೇರೆ ಐಎಲ್‌ಡಿಗಳಿಂದ ಬೇರ್ಪಡಿಸಲು ಈ ನಾಲ್ಕನ್ನು ಅಳೆಯಬೇಡಿ ಅಂತ. “ಕೆಎಲ್-6 ಜಾಸ್ತಿ, ಹಾಗಾದರೆ ಐಪಿಎಫ್” ಅಂತ ಯಾರಾದರೂ ಹೇಳಿದರೆ ಎರಡನೇ ಅಭಿಪ್ರಾಯ ತಗೊಳ್ಳಿ.

ಮೊದಲನೆಯ ಜಾತಿಯ ಒಂದು ಆಂಟಿಬಾಡಿ ಎರಡೂ ಕಡೆ ಸಲ್ಲುತ್ತದೆ. ಅದು ಆಂಟಿ-ಎಂಡಿಎ5. ಇದು ಪಾಸಿಟಿವ್ ಇದ್ದವರಲ್ಲಿ ಕೆಲವರಿಗೆ ಶ್ವಾಸಕೋಶ ವಾರಗಳ ಲೆಕ್ಕದಲ್ಲಿ ಹದಗೆಡುತ್ತದೆ. ರಿಪೋರ್ಟಿನಲ್ಲಿ ಈ ಹೆಸರಿನ ಮುಂದೆ ಪಾಸಿಟಿವ್ ಅಂತ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ.

ಹಂತ 2: ರಕ್ತಕ್ಕಿಂತ ಮುಂಚೆ ಉಸಿರಿನ ಹಾಳೆ ತೆಗೆಯಿರಿ

ಉಸಿರಿನ ಪರೀಕ್ಷೆಯಲ್ಲಿ ಎರಡು ಸಾಲು ಹುಡುಕಿ. ಒಂದು ಎಫ್‌ವಿಸಿ: ಎದೆ ತುಂಬಾ ಗಾಳಿ ಎಳೆದು, ಒಂದೇ ದಮ್ಮಿಗೆ ಊದಿ ಹೊರಗೆ ಹಾಕುವ ಗಾಳಿ ಎಷ್ಟು ಅನ್ನುವುದು. ಇನ್ನೊಂದು ಡಿಎಲ್‌ಸಿಒ: ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ಎಷ್ಟು ಸಲೀಸಾಗಿ ದಾಟುತ್ತಿದೆ ಅನ್ನುವುದು. ಎರಡಕ್ಕೂ ‘ಪ್ರಿಡಿಕ್ಟೆಡ್’ ಅಂತ ಒಂದು ಶೇಕಡಾ ಅಂಕಿ ಇರುತ್ತದೆ. ನಿಮ್ಮದೇ ವಯಸ್ಸು, ಎತ್ತರದ ಆರೋಗ್ಯವಂತರ ಎದುರು ನಿಮ್ಮದು ಶೇ. ಎಷ್ಟು ಅಂತ ಅದು ಹೇಳುತ್ತದೆ. ನಮಗೆ ಬೇಕಾದದ್ದು ಅದೇ.

ಐಪಿಎಫ್ ಇದ್ದರೆ ಇಷ್ಟರಲ್ಲೇ ಒಂದು ಲೆಕ್ಕ ಹಾಕಬಹುದು. ಅದರ ಹೆಸರು ಗ್ಯಾಪ್ ಸ್ಕೋರ್, 2012ರಲ್ಲಿ ಪ್ರಕಟವಾದದ್ದು. ರಕ್ತದ ಒಂದು ಹನಿಯೂ ಬೇಡ. ಅಂಕ ಹೀಗೆ:

ಹೆಂಗಸಾದರೆ 0, ಗಂಡಸಾದರೆ 1.
ವಯಸ್ಸು 60ರವರೆಗೆ 0, 61ರಿಂದ 65ಕ್ಕೆ 1, 65 ದಾಟಿದ್ದರೆ 2.
ಎಫ್‌ವಿಸಿ ಶೇ. 75ಕ್ಕಿಂತ ಮೇಲಿದ್ದರೆ 0, 50ರಿಂದ 75ರೊಳಗೆ 1, 50ಕ್ಕಿಂತ ಕೆಳಗೆ 2.
ಡಿಎಲ್‌ಸಿಒ ಶೇ. 55ಕ್ಕಿಂತ ಮೇಲೆ 0, 36ರಿಂದ 55ಕ್ಕೆ 1, 35 ಅಥವಾ ಅದಕ್ಕಿಂತ ಕಡಿಮೆಗೆ 2, ಪರೀಕ್ಷೆ ಮಾಡಲು ಆಗಲೇ ಇಲ್ಲ ಅಂದರೆ 3.

67 ವರ್ಷದ ಗಂಡಸು, ಎಫ್‌ವಿಸಿ ಶೇ. 68, ಡಿಎಲ್‌ಸಿಒ ಶೇ. 42 ಅಂತ ಇಟ್ಟುಕೊಳ್ಳಿ. 1, 2, 1, 1 ಕೂಡಿದರೆ 5. ಒಟ್ಟು 0ರಿಂದ 3 ಬಂದರೆ ಒಂದನೇ ಘಟ್ಟ, 4-5 ಎರಡನೇದು, 6ರಿಂದ 8 ಮೂರನೇದು. ಮೂಲ ಅಧ್ಯಯನದಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರ ಪ್ರಮಾಣ ಘಟ್ಟದ ಪ್ರಕಾರ ಶೇ. 5.6, ಶೇ. 16.2, ಶೇ. 39.2 ಇತ್ತು.

ಈ ಅಂಕಿ ನೋಡಿ ಎದೆ ಧಸಕ್ಕೆನ್ನುತ್ತದೆ, ಗೊತ್ತು. ಎರಡು ವಿಷಯ ನೆನಪಿಡಿ. ಎರಡನೇ ಘಟ್ಟದಲ್ಲಿದ್ದ ನೂರು ಜನರಲ್ಲಿ ಸುಮಾರು 84 ಮಂದಿ ವರ್ಷದ ಕೊನೆಗೆ ಬದುಕಿದ್ದರು ಅಂತಲೂ ಅದನ್ನು ಓದಬಹುದು. ಎರಡನೇದು, ಈ ಲೆಕ್ಕ ಹುಟ್ಟಿದಾಗ ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಕಲೆ ತಡೆಯುವ ಔಷಧಿಗಳು ಇಷ್ಟು ಬಳಕೆಯಲ್ಲಿ ಇರಲಿಲ್ಲ. ಅಮೆರಿಕದಲ್ಲಿ ಇವೆರಡಕ್ಕೂ ಒಪ್ಪಿಗೆ ಸಿಕ್ಕಿದ್ದೇ 2014ರ ಅಕ್ಟೋಬರ್‌ನಲ್ಲಿ. ಇವು ಕಲೆಯನ್ನು ಅಳಿಸುವುದಿಲ್ಲ, ಆದರೆ ಎಫ್‌ವಿಸಿ ಕುಸಿಯುವ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ.

ಹಂತ 3: ಮನೆಯಲ್ಲೇ ಇರುವ ಸಿಬಿಸಿಯನ್ನು ಮತ್ತೆ ನೋಡಿ

ದುಬಾರಿ ಪರೀಕ್ಷೆಗಳ ಹಿಂದೆ ಓಡುವವರು ಇದನ್ನು ಬಿಟ್ಟೇ ಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಜಾಸ್ತಿ ಉಪಯೋಗಕ್ಕೆ ಬರುವ ಹಂತ ಇದೇ.

ಸಿಬಿಸಿ ಅಂದರೆ ರಕ್ತಕಣಗಳ ಮಾಮೂಲಿ ಎಣಿಕೆ. ಅದರಲ್ಲಿ ಬಿಳಿ ರಕ್ತಕಣಗಳನ್ನು ಜಾತಿವಾರು ಬಿಡಿಸಿ ಬರೆದಿರುತ್ತಾರೆ. ಮೋನೋಸೈಟ್ ಅನ್ನುವುದು ಅದರಲ್ಲಿ ಒಂದು. ಗಾಯವಾದ ಕಡೆ ಓಡಿಹೋಗಿ ರಿಪೇರಿಗೆ ನಿಲ್ಲುವ ಕಣ ಇದು. ಶ್ವಾಸಕೋಶದೊಳಗೆ ಹೋಗಿ ರೂಪ ಬದಲಿಸಿಕೊಂಡ ಮೇಲೆ ಕಲೆಗಟ್ಟಲು ಕುಮ್ಮಕ್ಕು ಕೊಡುವವರ ಸಾಲಿನಲ್ಲಿ ಇದೂ ಸೇರುತ್ತದೆ. 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಮೋನೋಸೈಟ್ ಎಣಿಕೆ ಪ್ರತಿ ಮೈಕ್ರೋಲೀಟರಿಗೆ 950 ಅಥವಾ ಅದಕ್ಕಿಂತ ಜಾಸ್ತಿ ಇದ್ದ ಐಪಿಎಫ್ ರೋಗಿಗಳಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಆಮೇಲೆ ಔಷಧಿ ಪ್ರಯೋಗಗಳಲ್ಲಿದ್ದ ರೋಗಿಗಳ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, 600ರಿಂದ 950ರ ನಡುವಿನ ಗುಂಪನ್ನೂ ಕಡೆಗಣಿಸುವ ಹಾಗಿಲ್ಲ ಅಂತ ಗೊತ್ತಾಯಿತು.

ಲೆಕ್ಕ ಹೀಗೆ ಹಾಕಿ. ಕೆಲವು ರಿಪೋರ್ಟ್‌ಗಳಲ್ಲಿ ಮೋನೋಸೈಟ್ ಶೇಕಡಾ ಮಾತ್ರ ಇರುತ್ತದೆ. ಒಟ್ಟು ಬಿಳಿ ರಕ್ತಕಣ 9,800, ಮೋನೋಸೈಟ್ ಶೇ. 11 ಅಂತಿದ್ದರೆ, 9,800 ಗುಣಿಸು 11, ಭಾಗಿಸು 100. ಬಂತು 1,078. ಶೇ. 11 ಅಂತ ಓದಿದಾಗ ಏನೂ ಅನ್ನಿಸಲಿಲ್ಲ, ಆದರೆ ಎಣಿಕೆ 950 ದಾಟಿದೆ. ಅದೇ ಶೇ. 11, ಒಟ್ಟು ಕಣ 5,000 ಇದ್ದವರಿಗೆ ಬರೀ 550. ಶೇಕಡಾವನ್ನೇ ನಂಬಿ ಕೂರಬೇಡಿ. ಇನ್ನು ಕೆಲವು ಲ್ಯಾಬ್‌ಗಳು 0.95 ಅಂತ ಮುದ್ರಿಸುತ್ತವೆ. ಅದೂ 950 ಒಂದೇ, ಅಳತೆಯ ರೀತಿ ಬೇರೆ ಅಷ್ಟೆ.

ಎಚ್ಚರಿಕೆ: ಜ್ವರ, ಸೋಂಕು ಇದ್ದಾಗ ಮೋನೋಸೈಟ್ ಸುಮ್ನೆ ಏರುತ್ತದೆ. ಸ್ಟಿರಾಯ್ಡ್ ತಗೊಳ್ಳುತ್ತಿದ್ದರೂ ಬಿಳಿ ರಕ್ತಕಣಗಳ ಲೆಕ್ಕ ಏರುಪೇರಾಗುತ್ತದೆ. ಒಂದೇ ಒಂದು ಸಿಬಿಸಿಯಿಂದ ಏನನ್ನೂ ತೀರ್ಮಾನಿಸಬೇಡಿ. ಚೆನ್ನಾಗಿದ್ದ ದಿನಗಳ ಮೂರ್ನಾಲ್ಕು ರಿಪೋರ್ಟ್ ತೆಗೆದು ಸಾಲಾಗಿ ಬರೆದು ನೋಡಿ.

ಹಂತ 4: ವಿಶೇಷ ಪರೀಕ್ಷೆಗಳಲ್ಲಿ ಯಾವುದು ಏನು

ಎಲ್ಲವನ್ನೂ ಮಾಡಿಸಬೇಕಾಗಿಲ್ಲ. ಡಾಕ್ಟರು ಬರೆದುಕೊಟ್ಟದ್ದು ಯಾವುದು ಅಂತ ಗೊತ್ತಾದರೆ ಸಾಕು.

ಕೆಎಲ್-6. ಶ್ವಾಸಕೋಶದ ಗಾಳಿಗೂಡಿನ ಒಳಗೋಡೆಯ ಜೀವಕೋಶಗಳು ಮಾಡುವ ಪ್ರೋಟೀನ್. ಗೋಡೆಗೆ ಪೆಟ್ಟು ಬಿದ್ದು ರಿಪೇರಿ ನಡೆಯುವಾಗ ಇದು ಜಾಸ್ತಿಯಾಗಿ ರಕ್ತಕ್ಕೆ ಸೋರುತ್ತದೆ. ಇದು ಜಪಾನಿನಲ್ಲಿ ಹುಟ್ಟಿ ಬೆಳೆದ ಪರೀಕ್ಷೆ, ಅಲ್ಲಿ ವರ್ಷಗಳಿಂದ ದಿನಬಳಕೆಯಲ್ಲಿದೆ. ಅಲ್ಲಿ ಮಿಲಿಲೀಟರಿಗೆ 500 ಯೂನಿಟ್ ಗಡಿ. ಐಪಿಎಫ್‌ನಲ್ಲಿ 1,000 ದಾಟಿದವರ ಗುಂಪು ಕಡಿಮೆ ಕಾಲ ಬದುಕಿತು ಅಂತ ಅಲ್ಲಿನ ಅಧ್ಯಯನ ತೋರಿಸಿತ್ತು. ಆದರೆ ಇದು ಎಂಯುಸಿ1 ಅನ್ನುವ ಪ್ರೋಟೀನಿನ ಒಂದು ರೂಪ. ಅದನ್ನು ಮಾಡಿಸುವ ಜೀನ್ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುವುದರಿಂದ ಹುಟ್ಟಿನಿಂದಲೇ ಕೆಲವರ ಮಟ್ಟ ಮೇಲೆ, ಕೆಲವರದು ಕೆಳಗೆ. ನಿಮ್ಮ ನಂಬರನ್ನು ಪಕ್ಕದ ರೋಗಿಯದಕ್ಕೆ ಹೋಲಿಸಿ ಪ್ರಯೋಜನವಿಲ್ಲ.

ಎಸ್‌ಪಿ-ಡಿ. ಗಾಳಿಗೂಡುಗಳು ಮುದುಡದಂತೆ ನೋಡಿಕೊಳ್ಳುವ ನೊರೆಯಂಥ ದ್ರವದ ಜೊತೆ ಇರುವ ಪ್ರೋಟೀನ್. ಜಪಾನಿನ ಗಡಿ ಮಿಲಿಲೀಟರಿಗೆ 110 ನ್ಯಾನೋಗ್ರಾಂ.

ಎಂಎಂಪಿ-7. ಕಲೆಗಟ್ಟುವ ಜಾಗದಲ್ಲಿ ಕತ್ತರಿ ಕೆಲಸ ಮಾಡುವ ಕಿಣ್ವ. ಮುಂದಿನ ಅಂದಾಜಿಗೆ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕೈಹಿಡಿದಿರುವುದು ಇದು. ಬೇಸರವೆಂದರೆ ಆಸ್ಪತ್ರೆಯ ಮಾಮೂಲಿ ಲ್ಯಾಬ್‌ಗಿಂತ ಸಂಶೋಧನೆಯ ಲ್ಯಾಬ್‌ನಲ್ಲೇ ಇದರ ಓಡಾಟ ಜಾಸ್ತಿ. ಸಿಸಿಎಲ್-18 ಕಥೆಯೂ ಹೆಚ್ಚುಕಡಿಮೆ ಅದೇ.

ಸಿಎ-125, ಸಿಎ 19-9, ಸಿಎ 15-3. ಜನ ಹೌಹಾರುವುದು ಇಲ್ಲಿ. ಇವು ಕ್ಯಾನ್ಸರ್ ಪರೀಕ್ಷೆಗಳೆಂದೇ ಹೆಸರಾದವು. ಆದರೆ ಗಾಯಗೊಂಡ ಶ್ವಾಸಕೋಶದ ಒಳಪದರವೂ ಇವನ್ನು ಹೊರಬಿಡುತ್ತದೆ. ಸಿಎ 15-3 ಅಂತೂ ಕೆಎಲ್-6ರ ಹಾಗೆ ಎಂಯುಸಿ1ನದೇ ಇನ್ನೊಂದು ಮುಖ, ಕೆಎಲ್-6 ಸಿಗದ ಕಡೆ ಅದರ ಬದಲಿಗೆ ಇದನ್ನು ಬಳಸಬಹುದು ಅಂತ ಹೇಳಿದವರೂ ಇದ್ದಾರೆ. ಬ್ರಿಟನ್ನಿನ ಪ್ರೊಫೈಲ್ ಅಧ್ಯಯನ 2017ರಲ್ಲಿ ಹೇಳಿದ್ದು ಇದು: ಕಾಯಿಲೆ ಮುಂದುವರಿಯುತ್ತಿದ್ದವರಲ್ಲಿ ಸಿಎ 19-9 ಮತ್ತು ಎಸ್‌ಪಿ-ಡಿ ಜಾಸ್ತಿ ಇತ್ತು, ಮೂರು ತಿಂಗಳಲ್ಲಿ ಸಿಎ-125 ಏರುತ್ತಾ ಹೋದವರಿಗೆ ಅಪಾಯ ಹೆಚ್ಚಿತ್ತು. ಹಾಗಂತ “ಎಲ್ಲ ಶ್ವಾಸಕೋಶದ್ದೇ” ಅಂತ ತಳ್ಳಿಹಾಕಲೂಬೇಡಿ. ಐಪಿಎಫ್ ಇದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆಯೂ ಜಾಸ್ತಿ. ಯಾವುದರಿಂದ ಏರಿದೆ ಅಂತ ಬಿಡಿಸುವುದು ಡಾಕ್ಟರ ಕೆಲಸ. ನೀವು ರಾತ್ರಿಯಿಡೀ ಗೂಗಲ್ ಮಾಡುತ್ತಾ ಕೂರಬೇಡಿ.

ಎನ್‌ಟಿ-ಪ್ರೋಬಿಎನ್‌ಪಿ. ಇದು ಹೃದಯದ್ದು. ಶ್ವಾಸಕೋಶ ಗಟ್ಟಿಯಾದಂತೆ ಅದರೊಳಕ್ಕೆ ರಕ್ತ ತಳ್ಳಲು ಹೃದಯದ ಬಲಭಾಗ ಹೆಣಗುತ್ತದೆ. ಆ ಹೆಣಗಾಟದ ಗುರುತು ಇದು. ವಯಸ್ಸಾದಂತೆ, ಕಿಡ್ನಿ ತೊಂದರೆ ಇದ್ದರೂ ಏರುತ್ತದೆ.

ಟೆಲೋಮಿಯರ್ ಉದ್ದ. ನಮ್ಮ ವರ್ಣತಂತುಗಳ ತುದಿಗೆ ಟೋಪಿಯಂಥ ಕಾಪು ಇರುತ್ತದೆ, ಅದು ವಯಸ್ಸಿನ ಜೊತೆ ಸವೆಯುತ್ತದೆ. ಕೆಲವು ಮನೆತನಗಳಲ್ಲಿ ಬೇಗ ಸವೆಯುತ್ತದೆ. ವಯಸ್ಸಿಗೆ ಹೋಲಿಸಿದರೆ ತೀರಾ ಗಿಡ್ಡ ಇದ್ದವರಲ್ಲಿ ಕಾಯಿಲೆ ವೇಗವಾಗಿ ಸಾಗುತ್ತದೆ. ಇದು ಭವಿಷ್ಯ ಹೇಳಿ ಸುಮ್ಮನಾಗುವ ಪರೀಕ್ಷೆಯೂ ಅಲ್ಲ, ಔಷಧಿಯ ಆಯ್ಕೆಗೂ ಇದರಿಂದ ವ್ಯತ್ಯಾಸವಾಗುತ್ತದೆ. ಐಪಿಎಫ್‌ಗೆ ಸ್ಟಿರಾಯ್ಡ್ ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ಸೇರಿಸಿ ಕೊಡುತ್ತಿದ್ದ ಹಳೆಯ ಚಿಕಿತ್ಸೆ ಹಾನಿಯನ್ನೇ ಮಾಡುತ್ತದೆ ಅಂತ 2012ರಲ್ಲಿ ಪ್ರಯೋಗದಿಂದ ಗೊತ್ತಾಯಿತು. ಆಮೇಲೆ ನೋಡಿದರೆ ಹೆಚ್ಚು ಪೆಟ್ಟು ತಿಂದವರು ಟೆಲೋಮಿಯರ್ ಗಿಡ್ಡ ಇದ್ದವರು. ಮನೆಯಲ್ಲಿ ಇನ್ನೊಬ್ಬರಿಗೂ ಫೈಬ್ರೋಸಿಸ್ ಇದ್ದರೆ, ಚಿಕ್ಕ ವಯಸ್ಸಿಗೇ ಕೂದಲು ನೆರೆತಿದ್ದರೆ, ಕಾರಣವಿಲ್ಲದೆ ರಕ್ತಕಣ ಅಥವಾ ಲಿವರ್ ತೊಂದರೆ ಇದ್ದರೆ ಇದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರು ಕೇಳದೇ ಇರಬಹುದು.

ಜೀನ್ ಪರೀಕ್ಷೆಯ ಬಗ್ಗೆ ಒಂದು ವಿಚಿತ್ರ ಹೇಳಲೇಬೇಕು. ಎಂಯುಸಿ5ಬಿ ಅನ್ನುವ ಜೀನಿನ ಪಕ್ಕದ ಒಂದು ಬದಲಾವಣೆ ಇದ್ದರೆ ಐಪಿಎಫ್ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ. ಆದರೆ ಕಾಯಿಲೆ ಬಂದ ಮೇಲೆ, ಆ ಬದಲಾವಣೆ ಇದ್ದವರೇ ಇಲ್ಲದವರಿಗಿಂತ ಹೆಚ್ಚು ಕಾಲ ಬದುಕಿದ್ದು ಕಂಡಿದೆ. ಕಾಯಿಲೆ ತರುವುದು ಒಂದು, ಬಂದ ಕಾಯಿಲೆಯನ್ನು ಮುಂದಕ್ಕೆ ದೂಡುವುದು ಇನ್ನೊಂದು. ಅದಕ್ಕೇ ‘ರಿಸ್ಕ್’ ಅನ್ನುವ ಪದ ಕಂಡ ಕೂಡಲೇ ಯಾವುದರ ರಿಸ್ಕ್ ಅಂತ ಕೇಳಿ.

ಹಂತ 5: ರಕ್ತ ಕೊಡುವ ದಿನ ಸರಿಯಾಗಿ ಆರಿಸಿ

ನೆಗಡಿ, ಜ್ವರ, ನ್ಯುಮೋನಿಯಾ ಆಗಿದ್ದರೆ ಮುಂದೂಡಬಹುದಾ ಅಂತ ಕೇಳಿ. ಪೂರ್ತಿ ಚೇತರಿಸಿಕೊಂಡು ಕೆಲವು ವಾರ ಬಿಟ್ಟು ಕೊಟ್ಟರೆ ಒಳ್ಳೆಯದು. ಪ್ರತಿ ಸಲವೂ ಅದೇ ಲ್ಯಾಬ್, ಅದೇ ವಿಧಾನ ಇರಲಿ. ಒಂದೇ ರಕ್ತವನ್ನು ಎರಡು ಕಂಪನಿಯ ಕಿಟ್‌ನಲ್ಲಿ ಹಾಕಿದರೆ ಎರಡು ನಂಬರ್ ಬರಬಹುದು. ಲ್ಯಾಬ್ ಬದಲಾದರೆ ನೋಟ್‌ಬುಕ್‌ನಲ್ಲಿ ಒಂದು ಗೆರೆ ಎಳೆದು ಹೊಸದಾಗಿ ಶುರು ಮಾಡಿ, ಹಳೆಯ ನಂಬರ್‌ಗೆ ಹೊಸದನ್ನು ಜೋಡಿಸಬೇಡಿ.

ಹಂತ 6: ನಂಬರ್ ಬಿಟ್ಟು ಇಳಿಜಾರು ನೋಡಿ

ನೋಟ್‌ಬುಕ್‌ನಲ್ಲಿ ಒಂದು ಪುಟಕ್ಕೆ ಆರು ಕಾಲಂ ಹಾಕಿ: ತಾರೀಕು, ಕೆಎಲ್-6 ಥರದ ವಿಶೇಷ ಪರೀಕ್ಷೆಯ ನಂಬರ್, ಮೋನೋಸೈಟ್, ಎಫ್‌ವಿಸಿ, ಡಿಎಲ್‌ಸಿಒ, ಆರು ನಿಮಿಷದ ನಡಿಗೆಯಲ್ಲಿ ಆಮ್ಲಜನಕ ಎಷ್ಟಕ್ಕೆ ಇಳಿಯಿತು. ಪಕ್ಕದ ಅಂಚಿನಲ್ಲಿ ಆ ದಿನದ ಔಷಧಿ, ಕಾಯಿಲೆ ಕಸಾಲೆ ಬರೆಯಿರಿ.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರ ಕೆಎಲ್-6 ಆರಾರು ತಿಂಗಳಿಗೆ 1,180, 1,240, 1,150. ಎಫ್‌ವಿಸಿ ಶೇ. 71, 70, 71. ಇನ್ನೊಬ್ಬರದು 620, 840, 1,130. ಎಫ್‌ವಿಸಿ ಶೇ. 78, 74, 67. ಕೊನೆಯ ರಿಪೋರ್ಟ್ ಮಾತ್ರ ಹಿಡಿದರೆ ಇಬ್ಬರೂ ಒಂದೇ. ಮೊದಲಿನವರು 1,000ದ ಮೇಲಿದ್ದಾರೆ, ಅದು ಒಳ್ಳೆಯ ಸುದ್ದಿ ಏನಲ್ಲ. ಆದರೆ ನಂಬರ್ ಅಲ್ಲೇ ತೂಗುತ್ತಿದೆ, ಉಸಿರೂ ನಿಂತ ಕಡೆ ನಿಂತಿದೆ. ಎರಡನೆಯವರ ನಂಬರ್ ಒಂದು ವರ್ಷದಲ್ಲಿ ದುಪ್ಪಟ್ಟಿನ ಹತ್ತಿರ ಬಂದಿದೆ, ಎಫ್‌ವಿಸಿ 11 ಅಂಕ ಇಳಿದಿದೆ. ಐಪಿಎಫ್‌ನಲ್ಲಿ ಆರರಿಂದ ಹನ್ನೆರಡು ತಿಂಗಳೊಳಗೆ ಎಫ್‌ವಿಸಿ 10 ಅಂಕ ಇಳಿದರೆ ಡಾಕ್ಟರುಗಳು ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳುತ್ತಾರೆ. ಚಿಕಿತ್ಸೆಯ ಮಾತು ಇವತ್ತೇ ಆಗಬೇಕಾದದ್ದು ಈ ಎರಡನೆಯವರಿಗೆ.

ರಕ್ತ ಒಂದು ಹೇಳಿ ಉಸಿರು ಇನ್ನೊಂದು ಹೇಳಿದರೆ? ನಾನಾದರೆ ಉಸಿರಿನ ಹಾಳೆಯನ್ನೇ ನಂಬುತ್ತೇನೆ, ರಕ್ತವನ್ನು ಮತ್ತೊಮ್ಮೆ ಮಾಡಿಸಲು ಕೇಳುತ್ತೇನೆ. ಇಂದಿಗೂ ಚಿಕಿತ್ಸೆಯ ನಿರ್ಧಾರಗಳು ನಿಂತಿರುವುದು ಎಫ್‌ವಿಸಿ, ಸ್ಕ್ಯಾನ್, ರೋಗಿಯ ಏದುಸಿರು ಈ ಮೂರರ ಮೇಲೆ. ಕೆಎಲ್-6 ನಾರ್ಮಲ್ ಬಂತು ಅಂತ ಮಾತ್ರೆ ನಿಲ್ಲಿಸಿದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಗೊಂದಲ. ಪಿರ್ಫೆನಿಡೋನ್ ಅಥವಾ ನಿಂಟೆಡಾನಿಬ್ ಶುರುವಾದ ಮೇಲೆ ಲಿವರ್ ಪರೀಕ್ಷೆ ಪದೇ ಪದೇ ಮಾಡಿಸುತ್ತಾರೆ. ಅದು ಔಷಧಿ ಲಿವರ್‌ಗೆ ತಾಗುತ್ತಿದೆಯಾ ಅಂತ ನೋಡಲು. ಅದರ ಏರಿಳಿತಕ್ಕೂ ಶ್ವಾಸಕೋಶದ ಮುಂದಿನ ದಾರಿಗೂ ಸಂಬಂಧ ಕಲ್ಪಿಸಬೇಡಿ. ಹಾಗಂತ ಆ ಪರೀಕ್ಷೆ ತಪ್ಪಿಸಲೂಬೇಡಿ.

ಹಂತ 7: ನೋಟ್‌ಬುಕ್ ಹಿಡಿದು ಡಾಕ್ಟರ ಮುಂದೆ ಕೂತಾಗ

“ಇದು ಜಾಸ್ತೀನಾ ಕಮ್ಮೀನಾ” ಅಂತ ಕೇಳಿದರೆ ಉತ್ತರವೂ ಅಷ್ಟೇ ಬರುತ್ತದೆ. ಬದಲಿಗೆ ಹೀಗೆ ಕೇಳಿ ನೋಡಿ. ಈ ನಂಬರ್‌ನಿಂದ ನಮ್ಮ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದಾ? ಏರಿದ್ದಕ್ಕೆ ಸೋಂಕು ಅಥವಾ ಬೇರೆ ಕಾರಣ ಇರಬಹುದಾ? ಕಲೆ ತಡೆಯುವ ಔಷಧಿ ಈಗಲೇ ಶುರು ಮಾಡಬೇಕಾ? ಶ್ವಾಸಕೋಶ ಕಸಿಯ ಕೇಂದ್ರಕ್ಕೆ ಹೆಸರು ಕಳಿಸುವ ಹೊತ್ತು ಬಂದಿದೆಯಾ? ಈ ಕೊನೆಯ ಪ್ರಶ್ನೆಯನ್ನು ತಡಮಾಡಿ ಕೇಳುವವರೇ ಜಾಸ್ತಿ. ಕಸಿಗೆ ಹೆಸರು ಕಳಿಸಿದ ಮಾತ್ರಕ್ಕೆ ನಾಳೆಯೇ ಆಪರೇಷನ್ ಅಂತಲ್ಲ, ತಪಾಸಣೆಗೇ ತಿಂಗಳುಗಳು ಹಿಡಿಯುತ್ತವೆ. ಮೊದಲ ಪ್ರಶ್ನೆಗೆ “ಏನೂ ಬದಲಾಗಲ್ಲ” ಅಂತ ಉತ್ತರ ಬಂದರೆ, ಆ ಪರೀಕ್ಷೆಯನ್ನು ಮುಂದಿನ ಸಲ ಮಾಡಿಸುವುದು ಬೇಕಾ ಅಂತಲೂ ಕೇಳಿ.

ಯಾವ ರಿಪೋರ್ಟಿಗೂ ಕಾಯಬಾರದ ಒಂದು ಸಂದರ್ಭ ಇದೆ. ಕೆಲವು ದಿನಗಳಲ್ಲೇ ಏದುಸಿರು ಗಟ್ಟಿಯಾಗಿ ಜಾಸ್ತಿಯಾದರೆ, ನಿನ್ನೆವರೆಗೆ ಆರಾಮಾಗಿ ಬಚ್ಚಲಿಗೆ ಹೋಗಿ ಬರುತ್ತಿದ್ದವರು ಇವತ್ತು ಅರ್ಧ ದಾರಿಯಲ್ಲಿ ಗೋಡೆ ಹಿಡಿದು ನಿಂತರೆ, ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಅಂಕಿ ಮಾಮೂಲಿಗಿಂತ ಕೆಳಗೆ ಬಿದ್ದರೆ ಸೀದಾ ಆಸ್ಪತ್ರೆಗೆ ಹೋಗಿ. ಫೈಬ್ರೋಸಿಸ್ ದಿಢೀರನೆ ಉಲ್ಬಣಿಸುವುದಿದೆ, ಅದು ಜೀವಕ್ಕೆ ಅಪಾಯ. ಹೋಗುವಾಗ ನೋಟ್‌ಬುಕ್ ಮರೆಯಬೇಡಿ, ಅಲ್ಲಿನ ಡ್ಯೂಟಿ ಡಾಕ್ಟರಿಗೆ ನಿಮ್ಮ ಹಳೆಯ ನಂಬರ್‌ಗಳು ಬೇಕಾಗುತ್ತವೆ.

ಉಳಿದಂತೆ, ಡಾಕ್ಟರ ಕೋಣೆಯಿಂದ ಹೊರಬರುವ ಮುಂಚೆ ಎರಡು ತಾರೀಕು ಬರೆಸಿಕೊಳ್ಳಿ: ಮುಂದಿನ ರಕ್ತದ್ದು, ಮುಂದಿನ ಉಸಿರಿನ ಪರೀಕ್ಷೆಯದು. ಆದಷ್ಟು ಎರಡೂ ಒಂದೇ ವಾರದಲ್ಲಿ ಇರಲಿ.